ಪರದೇಶಿಗೆ ಕುಂಕುಮ: ಗೋಕುಲಂನಲ್ಲಿ ಗುಸುಗುಸು

ವರಮಹಾಲಕ್ಷ್ಮಿ ಹಬ್ಬದ ಸಂಜೆ ಗೋಕುಲಂನಿಂದ ಸಿಟಿ ಬಸ್ ನಿಲ್ದಾಣಕ್ಕೆ ಬರುವ ಬಸ್ಸು ಬಸ್ಸಾಗಿರುವುದಿಲ್ಲ, ಹೂವಿನ ಬುಟ್ಟಿಯಾಗಿರುತ್ತದೆ. ಹತ್ತಿದವರೆಲ್ಲ ಹೆಂಗಸರು. ಒಬ್ಬೊಬ್ಬರ ತಲೆಯಲ್ಲೂ ಮೊಳ ಮೊಳ ಮಲ್ಲಿಗೆ, ಮಡಿಲಲ್ಲಿ ತೆಂಗಿನಕಾಯಿ, ಕೈಯಲ್ಲಿ ಎಲೆಯಡಿಕೆಯ ಪೊಟ್ಟಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ನಾಲ್ಕು ಮನೆಯ ಕುಂಕುಮಕ್ಕೆ ಹೋಗುತ್ತಿದ್ದವರು ಎಂಟು ಮನೆಗೆ ಹೋಗುತ್ತಾರೆ. ಗಂಡಸರು ಹಿಂದಿನ ಬಾಗಿಲ ಹತ್ತಿರ ಒಂಟಿಕಾಲಲ್ಲಿ ನಿಂತಿರುತ್ತಾರೆ.

ಈ ಸಲ ಆ ಬಸ್ಸಿಗೆ ಒಬ್ಬ ಬಿಳಿ ಹೆಂಗಸೂ ಹತ್ತಿದಳು. ಹಸಿರು ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ, ಕೆನ್ನೆಗೆ ಅರಿಶಿನ, ಕೈಗೆ ಗಾಜಿನ ಬಳೆ. ಕಂಡಕ್ಟರ್ ಎಲ್ಲರಿಗೂ ಶೂನ್ಯ ದರದ ಟಿಕೆಟ್ ಹರಿಯುತ್ತಾ ಬಂದವನು ಅವಳ ಮುಂದೆ ನಿಂತ. "ಮೇಡಂ, ನಿಮಗೆ ಫ್ರೀ ಇಲ್ಲ. ಕರ್ನಾಟಕದವರಿಗೆ ಮಾತ್ರ." ಅವಳು ಚಿಲ್ಲರೆ ಎಣಿಸಿ ಕೊಟ್ಟಳು. ಪಕ್ಕದ ಸೀಟಿನ ಹೆಂಗಸು, "ಕುಂಕುಮ ಇಟ್ಕೊಂಡು ಮಡಿಲು ತುಂಬಿಸ್ಕೊಂಡ ಮೇಲೂ ಟಿಕೆಟ್ ತಗೋಬೇಕೇನಪ್ಪಾ?" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಆ ಹೆಂಗಸೂ ನಕ್ಕಳು. ಅವಳಿಗೆ ಅಷ್ಟು ಕನ್ನಡ ಬರುತ್ತದೆ.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಶನಿವಾರ ಬೆಳಗಾಗುವಷ್ಟರಲ್ಲಿ ಹಾಲಿನ ಬೂತಿನ ಮುಂದೆ ಬೇರೆ ಮಾತು ಶುರುವಾಗಿತ್ತು. "ಅವಳನ್ನ ಕುಂಕುಮಕ್ಕೆ ಕರೆದಿದ್ದೇ ತಪ್ಪು. ಕರೆದಿದ್ದಕ್ಕೇ ಹಿಂಗಾಯ್ತು." ಏನಾಯಿತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ. ದೇವರ ಕಳಶ ಮುಟ್ಟಿಬಿಟ್ಟಳಂತೆ. ಚಪ್ಪಲಿ ಹಾಕ್ಕೊಂಡು ಒಳಗೆ ಬಂದಳಂತೆ. ಕೇಕು ತಂದಿದ್ದಳಂತೆ, ಅದರಲ್ಲಿ ಮೊಟ್ಟೆ ಇತ್ತಂತೆ. ಕೇಕಿನ ಮಾತು ಮಾತ್ರ ನಿಜ. ಆದರೆ ಅದು ಹೋದ ವರ್ಷದ ಸಂಗತಿ. ಮನೆಯ ಯಜಮಾನಿ ಅದನ್ನು ಹಾಗೇ ಎತ್ತಿ ಎದುರುಮನೆ ಹುಡುಗರಿಗೆ ಕೊಟ್ಟು, "ಮುಂದಿನ ಸಲ ಹಣ್ಣು ತಾಮ್ಮಾ" ಎಂದು ಹೇಳಿ ಮುಗಿಸಿದ್ದರು. ಈ ವರ್ಷ ಆಕೆ ತಂದದ್ದು ಒಂದು ಡಜನ್ ಬಾಳೆಹಣ್ಣು, ಒಂದು ತಾವರೆ.

ನಡೆದ ವಿಷಯಕ್ಕೆ ಬರುವ ಮೊದಲು ಈ ಊರಿಗೂ ಪರದೇಶದ ಹೆಂಗಸರಿಗೂ ಇರುವ ನಂಟನ್ನು ಒಂದಿಷ್ಟು ನೆನೆಯಬೇಕು. ಗೋಕುಲಂನಲ್ಲಿ ಕಾಂಪೌಂಡಿಗೆ ನಾಲ್ಕರಂತೆ "ರೂಮ್ ಬಾಡಿಗೆಗಿದೆ" ಬೋರ್ಡು ನೇತಾಡುವುದು ಮೈಸೂರಿನವರಿಗೆ ಹೊಸದಲ್ಲ. ಹಾಸನ ಹತ್ತಿರದ ಕೌಶಿಕದಿಂದ ಬಂದ ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಯೋಗ ಹೇಳಿಕೊಡುತ್ತಿದ್ದಾಗ, 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಎಂಬುವರು ಬಂದು ಕಲಿತು ಹೋದರು. ಆಮೇಲೆ ಅಮೆರಿಕದವರು ಬಂದರು, ಯುರೋಪಿನವರು ಬಂದರು, ಜಪಾನಿನವರು ಬಂದರು. ಜೋಯಿಸರು 2009ರಲ್ಲಿ ತೀರಿಕೊಂಡರೂ ಬರುವವರು ನಿಲ್ಲಲಿಲ್ಲ. ಎಳನೀರಿನವನಿಂದ ಹಿಡಿದು ಆಟೋದವನವರೆಗೆ ಎಷ್ಟೋ ಜನರ ಒಲೆ ಆ ದುಡ್ಡಿನಲ್ಲಿ ಉರಿಯುತ್ತದೆ.

ಅದಕ್ಕೂ ಹಿಂದಿನ ಕತೆ ಇನ್ನೂ ಸ್ವಾರಸ್ಯ. 1937ರ ಸುಮಾರಿಗೆ ಜಗನ್ಮೋಹನ ಅರಮನೆಯ ಯೋಗಶಾಲೆಯ ಬಾಗಿಲಿಗೆ ಒಬ್ಬ ಬಿಳಿ ಹೆಂಗಸು ಬಂದು ನಿಂತಳು. ಹುಟ್ಟಿದ್ದು 1899ರಲ್ಲಿ ರೀಗಾ ಪಟ್ಟಣದಲ್ಲಿ, ಗಂಡ ಜೆಕ್ ರಾಯಭಾರ ಕಚೇರಿಯವನು. ಆಚಾರ್ಯ ಟಿ. ಕೃಷ್ಣಮಾಚಾರ್ಯರು ಆಗುವುದಿಲ್ಲ ಎಂದರು. ಹೆಂಗಸು ಅಂತ ಒಂದು, ಪರದೇಶಿ ಅಂತ ಇನ್ನೊಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಧ್ಯೆ ಮಾತಾಡಿದ ಮೇಲೆ ಸೇರಿಸಿಕೊಂಡರು. ಊಟ, ನಿದ್ದೆ, ಅಭ್ಯಾಸ ಎಲ್ಲದಕ್ಕೂ ಕಟ್ಟುನಿಟ್ಟು ಹಾಕಿದರು. ಓಡಿಹೋಗುತ್ತಾಳೆ ಅಂದುಕೊಂಡಿದ್ದರೋ ಏನೋ. ಅವಳು ಓಡಿಹೋಗಲಿಲ್ಲ. ಕೊನೆಗೆ ಆಚಾರ್ಯರೇ "ನೀನು ಹೋಗಿ ಕಲಿಸು" ಎಂದು ಕಳಿಸಿದರು. ಲೋಕಕ್ಕೆ ಇಂದ್ರಾದೇವಿ ಎಂದು ಗೊತ್ತಾದವಳು ಇವಳೇ. 1947ರಲ್ಲಿ ಹಾಲಿವುಡ್‌ನಲ್ಲಿ ಶಾಲೆ ತೆರೆದು, 2002ರಲ್ಲಿ ನೂರು ದಾಟಿದ ಮೇಲೆ ತೀರಿಕೊಂಡಳು. ಮೈಸೂರಿನ ಹೆಸರನ್ನು ಅಷ್ಟು ದೂರ ಹೊತ್ತವರು ಈ ಊರಲ್ಲಿ ಹುಟ್ಟಿದವರಲ್ಲಿ ಎಷ್ಟು ಮಂದಿ?

ಹಾಗಾಗಿ ಪರದೇಶದವರು ಬಂದು ಯೋಗ ಕಲಿಯುವುದಕ್ಕೆ ಈಗ ಯಾರ ತಕರಾರೂ ಇಲ್ಲ. ಬಾಡಿಗೆ ಕೊಡುವುದಕ್ಕಂತೂ ಇಲ್ಲವೇ ಇಲ್ಲ. ತಕರಾರು ಬರುವುದು ಮಹಡಿ ಮೇಲಿನ ರೂಮಿನಿಂದ ಕೆಳಗಿಳಿದು ನಡುಮನೆಗೆ ಬಂದಾಗ.

ನಡುಮನೆಯ ಹಬ್ಬಕ್ಕೆ ಬೋರ್ಡಿಲ್ಲ. ದೇವಸ್ಥಾನಗಳಿಗೆ ಬೋರ್ಡಿದೆ. ಪುರಿ ಜಗನ್ನಾಥನ ಗುಡಿಯೊಳಗೆ 1984ರಲ್ಲಿ ದೇಶದ ಪ್ರಧಾನಿ ಇಂದಿರಾ ಗಾಂಧಿಯನ್ನೇ ಬಿಡಲಿಲ್ಲ, ಪಾರ್ಸಿಯವರನ್ನು ಮದುವೆಯಾದವರು ಎಂದು. ಎದುರಿನ ಗ್ರಂಥಾಲಯದ ಕಟ್ಟಡದ ಮೇಲೆ ನಿಂತು ನೋಡಿಕೊಂಡು ಹೋದರು. ಕಠ್ಮಂಡುವಿನ ಪಶುಪತಿನಾಥದಲ್ಲಿ ತೀಜ್ ಹಬ್ಬದ ದಿನ ಸಾವಿರಾರು ಹೆಂಗಸರು ಕೆಂಪು ಸೀರೆಯುಟ್ಟು ಉಪವಾಸವಿದ್ದು ಸಾಲುಗಟ್ಟುತ್ತಾರೆ. ಜೊತೆಗೆ ಕುಣಿಯುವುದಕ್ಕೆ ಪರದೇಶದವಳನ್ನೂ ಕೈಹಿಡಿದು ಎಳೆದುಕೊಳ್ಳುತ್ತಾರೆ. ಆದರೆ ಮುಖ್ಯ ಗುಡಿಯ ಬಾಗಿಲಲ್ಲಿ ಅವಳು ನಿಲ್ಲಬೇಕು, ಅದು ಹಿಂದೂಗಳಿಗೆ ಮಾತ್ರ. ಬಾಗ್ಮತಿಯ ಆಚೆ ದಡದಿಂದ ನೋಡಬಹುದು. ತಿರುವನಂತಪುರದ ಆಟ್ಟುಕಾಲ್ ಪೊಂಗಾಲದ ಲೆಕ್ಕ ಬೇರೆ. ಅಲ್ಲಿ ಹಬ್ಬವೇ ಬೀದಿಯಲ್ಲಿ. ಫುಟ್‌ಪಾತು, ರೈಲ್ವೆ ಸ್ಟೇಷನ್ ಮುಂದು, ಎಲ್ಲೆಂದರಲ್ಲಿ ಮೂರು ಇಟ್ಟಿಗೆ, ಒಂದು ಮಣ್ಣಿನ ಮಡಕೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ. 2009ರಲ್ಲಿ 25 ಲಕ್ಷ ಹೆಂಗಸರು ಒಂದೇ ದಿನ ಒಲೆ ಹಚ್ಚಿದರು ಎಂದು ಗಿನ್ನೆಸ್ ಪುಸ್ತಕದವರು ದಾಖಲೆ ಬರೆದುಕೊಂಡರು. ಆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಕೂತವರಲ್ಲಿ ಪ್ರತಿ ವರ್ಷ ಪರದೇಶದವರೂ ಇರುತ್ತಾರೆ. ಪಕ್ಕದ ಒಲೆಯವಳು ಊದುಗೊಳವೆ ಕೊಡುತ್ತಾಳೆಯೇ ಹೊರತು ಜಾತಿ ಕೇಳುವುದಿಲ್ಲ. ಹೊಗೆಗೆ ಎಲ್ಲರ ಕಣ್ಣೂ ಒಂದೇ.

ವರಮಹಾಲಕ್ಷ್ಮಿ ಇವೆರಡರ ನಡುವಿನ ಹಬ್ಬ. ಗುಡಿಯದಲ್ಲ, ಬೀದಿಯದೂ ಅಲ್ಲ, ಮನೆಯದು. ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಕಳಶ ಇಟ್ಟು, ತೆಂಗಿನಕಾಯಿಗೆ ಮುಖವಾಡ ಕಟ್ಟಿ, ಸೀರೆ ಉಡಿಸಿ, ಒಂಬತ್ತು ಗಂಟಿನ ದಾರ ಕಟ್ಟಿಕೊಳ್ಳುವುದು ಕ್ರಮ. (ಈಚೀಚೆಗೆ ಐನೂರರ ನೋಟಿನಲ್ಲಿ ಹಾರ ಮಾಡಿ ಹಾಕುವುದೂ ಕ್ರಮವಾಗಿದೆ. ಅದು ಯಾವ ಪುರಾಣದಲ್ಲಿದೆಯೋ ಲಕ್ಷ್ಮಿಗೇ ಗೊತ್ತು.) ಸಾಯಂಕಾಲ ಅಕ್ಕಪಕ್ಕದ ಮುತ್ತೈದೆಯರನ್ನು ಕರೆದು ಅರಿಶಿನ ಕುಂಕುಮ, ಎಲೆಯಡಿಕೆ, ರವಿಕೆ ಕಣ. ವ್ರತದ ಕತೆ ಓದಿದವರಿಗೆ ಚಾರುಮತಿ ಗೊತ್ತು. ಕನಸಲ್ಲಿ ಲಕ್ಷ್ಮಿ ಬಂದು ವರ ಕೊಟ್ಟಾಗ ಚಾರುಮತಿ ಗುಟ್ಟಾಗಿ ಪೂಜೆ ಮಾಡಿ ಸಂಪತ್ತು ಬಾಚಿಕೊಳ್ಳಲಿಲ್ಲ. ಮನೆಯವರಿಗೆ ಹೇಳಿದಳು, ಊರ ಹೆಂಗಸರಿಗೆಲ್ಲ ಹೇಳಿದಳು, ಎಲ್ಲರೂ ಕೂಡಿಯೇ ಮಾಡಿದರು. ಬಂದ ಹೆಂಗಸರ ಪಟ್ಟಿಯಲ್ಲಿ ಯಾರನ್ನು ಹೊಡೆದುಹಾಕಿದಳು ಎಂದು ಆ ಕತೆಯಲ್ಲಿ ಬರುವುದಿಲ್ಲ.

ಈಗ ಗೋಕುಲಂನ ಆ ಮನೆ. ಹೆಸರು ಬೇಡ, ಮನೆಯವರು ಮರ್ಯಾದಸ್ಥರು. ಯಜಮಾನಿಗೆ ಐವತ್ತು ದಾಟಿದೆ. ಮೇಲಿನ ರೂಮಿನ ಯುರೋಪಿನ ಹೆಂಗಸು ಮೂರು ವರ್ಷದಿಂದ ಬಂದು ಹೋಗುತ್ತಿದ್ದಾಳೆ. ಹಬ್ಬದ ಹಿಂದಿನ ದಿನ ಯಜಮಾನಿಯೇ ಅವಳನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದರು. ಇಲ್ಲಿ ಅಂಗಡಿಯವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮುಂದಿದ್ದ ಹೆಂಗಸಿಗೆ ಮೊಳಕ್ಕೆ ಒಂದು ರೇಟು ಹೇಳಿದ ಹೂವಿನವನು ಬಿಳಿ ಮುಖ ಕಂಡ ಕೂಡಲೇ ಅದನ್ನು ಎರಡು ಮಾಡಿದ. ಯಜಮಾನಿ ಬಾಯಿ ಬಿಟ್ಟ ಮೇಲೆ "ಗೊತ್ತಾಗ್ಲಿಲ್ಲ ಅಮ್ಮಾ, ನಿಮ್ಮೋರಾ?" ಎಂದು ಇಳಿಸಿದ. ಹಬ್ಬಕ್ಕೆ ಹೂವು ಏರುವುದು ಸರಿ, ಅದು ಎಲ್ಲರಿಗೂ ಏರುತ್ತದೆ. ಚರ್ಮ ನೋಡಿ ಏರಿಸುವುದು ವ್ಯಾಪಾರವಲ್ಲ. ಬಳೆ ಅಂಗಡಿಯವನು ಮಾತ್ರ ಮನುಷ್ಯ. ಅಂಗೈ ದಪ್ಪ ನೋಡಿ, ಎರಡು-ಹತ್ತು ಸೈಜು ಸಾಲದು ಎಂದು ಎರಡು-ಹನ್ನೆರಡು ಹುಡುಕಿ ತೆಗೆದು, ಒಂದೂ ಒಡೆಯದ ಹಾಗೆ ಡಜನ್ ಬಳೆ ಏರಿಸಿ, ಎಲ್ಲರಿಗೂ ಹೇಳುವ ರೇಟನ್ನೇ ಹೇಳಿದನಂತೆ.

ಶುಕ್ರವಾರ ಸಂಜೆ ಹತ್ತು ಹನ್ನೆರಡು ಜನ ಹೆಂಗಸರು ಸೇರಿದ್ದರು. ಬಿಳಿ ಹೆಂಗಸು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಿದ್ದಳು. ಕೂತವರಲ್ಲಿ ಮಂಡಿ ನೋವಿಲ್ಲದವಳು ಅವಳೊಬ್ಬಳೇ ಇರಬೇಕು. ಎಡಗೈ ಚಾಚಿದಾಗ ಪಕ್ಕದವರು ಮೆಲ್ಲಗೆ ಬಲಗೈ ಮುಂದೆ ತಂದರು. ಮೊಬೈಲ್ ತೆಗೆದಾಗ ಯಜಮಾನಿ ಕಣ್ಣಲ್ಲೇ ಬೇಡ ಎಂದರು, ಇಟ್ಟುಬಿಟ್ಟಳು. ಇದು ಒಳ್ಳೆಯದಾಯಿತು. ಹಬ್ಬಕ್ಕೆ ಕರೆಸಿಕೊಂಡು ಬಂದು ಎದುರು ಕೂತವರ ಮುಖಕ್ಕೆಲ್ಲ ಕ್ಯಾಮೆರಾ ಹಿಡಿದು, ರಾತ್ರಿಯೊಳಗೆ ಅದನ್ನು ಲೋಕಕ್ಕೆಲ್ಲ ಹಂಚುವವರೂ ಇದ್ದಾರೆ. ಅಂಥವರಿಗೆ ಮನೆಯೊಳಗೆ ಜಾಗ ಬೇಡ ಎಂದರೆ ತಪ್ಪಿಲ್ಲ. ಈ ಚಟ ಪರದೇಶದವರಿಗೆ ಮಾತ್ರ ಇದೆ ಎನ್ನುವಂತಿಲ್ಲ, ಅದೂ ನಿಜ.

ಎಲ್ಲರಿಗೂ ಕುಂಕುಮವಾಯಿತು. ಪದ್ಧತಿ ಕಲಿಯಲಿ ಎಂದು ಯಜಮಾನಿ ತಟ್ಟೆಯನ್ನು ಆ ಹೆಂಗಸಿನ ಕೈಗೆ ಕೊಟ್ಟು, "ನೀನೂ ಎಲ್ಲರಿಗೂ ಕೊಡಮ್ಮಾ" ಎಂದರು. ಅವಳು ಎಲ್ಲರಿಗೂ ಕೊಟ್ಟಳು. ಕೊಟ್ಟವಳು ತಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ನಡೆದಳು.

ಅಡುಗೆಮನೆಯಲ್ಲಿ ಇದ್ದವರು ಯಜಮಾನಿಯ ದೊಡ್ಡಕ್ಕ. ಗಂಡ ಹೋಗಿ ಇಪ್ಪತ್ತು ವರ್ಷವಾಗಿದೆ. ಮಕ್ಕಳಿಲ್ಲ, ತಂಗಿಯ ಮನೆಯೇ ಮನೆ. ಬೆಳಗಿನ ನಾಲ್ಕು ಗಂಟೆಯಿಂದ ಹೂರಣ ರುಬ್ಬಿದವರು ಅವರು, ಕೋಸಂಬರಿ ಕಲಸಿದವರು ಅವರು, ಬಾಗಿಲಿಗೆ ಕಟ್ಟಲು ಮಾವಿನೆಲೆ ಪೋಣಿಸಿಕೊಟ್ಟವರೂ ಅವರೇ. ಕಳಶ ಇಡುವಾಗ ಮಾತ್ರ ಈಚೆ ಬರಲಿಲ್ಲ. ಯಾರೂ ಬರಬೇಡಿ ಅನ್ನಲಿಲ್ಲ, ಅವರೂ ಬರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಬಿಳಿ ಹೆಂಗಸು ಆ ಮನೆಯ ಹುಡುಗರು ಕರೆಯುವ ಹಾಗೆಯೇ, "ದೊಡ್ಡಮ್ಮಾ, ನಿಮಗೆ?" ಎಂದಳು. ದೊಡ್ಡಮ್ಮನ ಎರಡು ಕೈಯಲ್ಲೂ ಕಣಕದ ಹಿಟ್ಟು. ಬೇಡ ಎನ್ನುವಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಾಗಿತ್ತು.

ನೀರು ಕುಡಿಯಲು ಎದ್ದು ಬಂದಿದ್ದ ಪಕ್ಕದ ಮನೆಯ ಹಿರಿಯಾಕೆ ಅದನ್ನು ನೋಡಿದರು. ಎಲೆಯಡಿಕೆಯನ್ನು ಅಲ್ಲೇ ಕಿಟಕಿಯ ಮೇಲಿಟ್ಟು ಹೊರಟುಹೋದರು. ಅವರ ಹಿಂದೆ ಇನ್ನಿಬ್ಬರು. ಉಳಿದವರು ಒಬ್ಬಟ್ಟು ತಿಂದು ಹೋದರು, ಹಾಲಿನ ಬೂತಿನ ಮುಂದೆ ಮಾತ್ರ ಎದ್ದುಹೋದವರ ಕಡೆ ಸೇರಿಕೊಂಡರು. ಗೋಕುಲಂನ ಗುಸುಗುಸು ಇಷ್ಟೇ. ಕಳಶವೂ ಇಲ್ಲ, ಚಪ್ಪಲಿಯೂ ಇಲ್ಲ.

ಇದರಲ್ಲಿ ಒಂದು ತಮಾಷೆ ಇದೆ, ನಗು ಬರುವಂಥದ್ದಲ್ಲ. ಆ ಬಿಳಿ ಹೆಂಗಸಿಗೆ ಕುಂಕುಮ ಕೊಡುವಾಗ ಅವಳು ಮುತ್ತೈದೆಯೋ ಎಂದು ಒಬ್ಬರೂ ಕೇಳಿರಲಿಲ್ಲ. ಮೊದಲ ಗಂಡನಿಂದ ವಿಚ್ಛೇದನವಾಗಿದೆ, ಇನ್ನೊಬ್ಬನನ್ನು ಮದುವೆಯಾಗಿಲ್ಲ. ಕೇಳಿದ್ದರೆ ಅವಳೇ ಹೇಳುತ್ತಿದ್ದಳು, ಮುಚ್ಚಿಡುವ ಸ್ವಭಾವದವಳಲ್ಲ. ದೂರದವರಿಗೆ ಕಾನೂನು ಸಡಿಲ. ಒಲೆಯ ಮುಂದೆ ಕೂತ ಒಡಹುಟ್ಟಿದವಳಿಗೆ ಬಿಗಿ. ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥ. ಹೊರದೇಶದವನು ಅಂತ ಒಂದು, ದಿಕ್ಕಿಲ್ಲದವನು ಅಂತ ಇನ್ನೊಂದು. ಆ ಸಂಜೆ ಆ ಮನೆಯಲ್ಲಿ ಇಬ್ಬರು ಪರದೇಶಿಗಳಿದ್ದರು. ಚಾಪೆಯ ಮೇಲೆ ಕೂತವಳು ಒಬ್ಬಳೇ.

ಪದ್ಧತಿ, ಶಾಸ್ತ್ರ ಎಂದು ಎದ್ದುಹೋದವರು ಒಂದು ದಿನವನ್ನು ನೆನೆಸಿಕೊಳ್ಳಲಿ. 1898ರ ಮಾರ್ಚ್ 17. ಕಲ್ಕತ್ತೆಯಲ್ಲಿ ಶಾರದಾದೇವಿಯವರನ್ನು ನೋಡಲು ಮೂವರು ಪರದೇಶದ ಹೆಂಗಸರು ಬಂದರು. ಆಮೇಲೆ ನಿವೇದಿತಾ ಆದ ಮಾರ್ಗರೆಟ್ ನೋಬಲ್ ಅವರಲ್ಲೊಬ್ಬಳು. ಮ್ಲೇಚ್ಛರ ನೆರಳು ಬಿದ್ದರೆ ಸ್ನಾನ ಮಾಡುತ್ತಿದ್ದ ಕಾಲ. ಶಾರದಾದೇವಿಯವರು ಹಳ್ಳಿಯ ಬ್ರಾಹ್ಮಣ ಮನೆತನದವರು, ಇಂಗ್ಲಿಷ್ ಬಾರದು. ಅವರನ್ನು ಹತ್ತಿರ ಕೂರಿಸಿಕೊಂಡು ಜೊತೆಯಲ್ಲೇ ತಿಂದರು. ಇನ್ನೊಂದು ಸಂಗತಿಯನ್ನು ಜನ ಮರೆಯುತ್ತಾರೆ. ಆ ದಿನಕ್ಕೆ ಅವರ ಗಂಡ ರಾಮಕೃಷ್ಣ ಪರಮಹಂಸರು ತೀರಿಕೊಂಡು ಹನ್ನೆರಡು ವರ್ಷ ಹತ್ತಿರವಾಗಿತ್ತು. ಶಾರದಾದೇವಿಯವರ ಕೈಯ ಬಳೆ ಕೈಯಲ್ಲೇ ಇತ್ತು. ಪರಮಹಂಸರು ಹೋದಾಗ ತೆಗೆಯಲು ಹೊರಟವರಿಗೆ ಅವರೇ ಕಾಣಿಸಿಕೊಂಡು ಬೇಡ ಎಂದರು ಎಂದು ಭಕ್ತರು ಹೇಳುತ್ತಾರೆ. ಅವರ ಪಟ ಮೈಸೂರಿನ ಎಷ್ಟು ದೇವರಮನೆಗಳಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎದ್ದುಹೋದವರ ಮನೆಯಲ್ಲೂ ಇದ್ದೀತು.

ಕರ್ನಾಟಕದಲ್ಲೇ ಬೇಕೆಂದರೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಇದೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನ. ಅಲ್ಲಿ 2013ರಲ್ಲಿ ಗಂಡ ತೀರಿಹೋದ ಇಬ್ಬರು ಹೆಂಗಸರನ್ನು ಅರ್ಚಕರನ್ನಾಗಿಯೇ ನೇಮಿಸಿದರು. ಬೆಳಗಾವಿ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು: ಗಂಡ ಸತ್ತರೆ ಬಳೆ ಒಡೆಯುವುದು, ಕುಂಕುಮ ಒರೆಸುವುದು, ತಾಳಿ, ಕಾಲುಂಗುರ ತೆಗೆಸುವುದು ಇನ್ನು ಮೇಲಿಲ್ಲ. ಮಹಾರಾಷ್ಟ್ರ ಸರ್ಕಾರ ಇದನ್ನೇ ಮಾದರಿ ಎಂದು ಉಳಿದ ಪಂಚಾಯಿತಿಗಳಿಗೆ ಹೇಳಿತು. ಠರಾವಿನಿಂದ ಎಲ್ಲಾ ಆಗಿಬಿಡುತ್ತದೆ ಎಂದಲ್ಲ. ಪಂಚಾಯಿತಿಯವರು ಕುಂಕುಮದ ತಟ್ಟೆ ಹಿಡಿದು ಅಡುಗೆಮನೆಗೆ ಬರುವುದಿಲ್ಲ.

ಹಾಗೆಂದು ಬಿಳಿ ಹೆಂಗಸು ಮಾಡಿದ್ದು ದೊಡ್ಡ ಸುಧಾರಣೆ ಎಂದು ಹಾರ ಹಾಕಬೇಕಾಗಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ. ಮೂರು ವರ್ಷ ಒಂದೇ ಮನೆಯಲ್ಲಿದ್ದು, ಮನೆಮಂದಿಯೆಲ್ಲ ಕುಂಕುಮ ಇಟ್ಟಾಗ ಒಬ್ಬರ ಹಣೆ ಮಾತ್ರ ಯಾಕೆ ಖಾಲಿ ಎಂದು ಕೇಳದೆ ಇದ್ದದ್ದು ಅವಳದೂ ತಪ್ಪೇ. ಹಬ್ಬ ಎಂದರೆ ಸೀರೆ, ಹೂವು, ಒಬ್ಬಟ್ಟು ಎಂದುಕೊಂಡು ಬರುವವರಿಗೆ ಅದರ ಹಿಂದಿನ ಕಟ್ಟಳೆ ಕಾಣುವುದಿಲ್ಲ. ಕಂಡಾಗ ಕಾಲಿನ ಕೆಳಗೆ ಯಾರದೋ ಬಾಳು ಸಿಕ್ಕಿರುತ್ತದೆ. ಅವಳು ನಾಳೆ ವಿಮಾನ ಹತ್ತಿ ಹೋಗಬಹುದು. ದೊಡ್ಡಮ್ಮ ಅದೇ ಬೀದಿಯಲ್ಲಿ ತರಕಾರಿ ಗಾಡಿ ನಿಲ್ಲಿಸಬೇಕು, ಎದ್ದುಹೋದವರ ಮನೆಯ ಮುಂದೆಯೇ ಹಾಲಿಗೆ ಹೋಗಬೇಕು. ಪದ್ಧತಿ ಮುರಿಯುವುದಕ್ಕೆ ಪರದೇಶದವಳಿಗೆ ಖರ್ಚಾಗುವುದು ಬಸ್ಸಿನ ಟಿಕೆಟ್ಟಿನಷ್ಟು. ದೊಡ್ಡಮ್ಮನಂಥವರಿಗೆ ಆಗುವ ಖರ್ಚೇ ಬೇರೆ.

ಆದರೂ ಎದ್ದುಹೋದವರ ಸಿಟ್ಟಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಅವರು ಅವತ್ತು ತಿನ್ನಬೇಕಿದ್ದ ಒಬ್ಬಟ್ಟು ತಟ್ಟಿದ ಕೈಗೆ ಮೈಲಿಗೆಯಿಲ್ಲವಂತೆ, ಹಣೆಗೆ ಇದೆಯಂತೆ. ಇದನ್ನು ಯಾರಾದರೂ ಬಿಡಿಸಿ ಹೇಳಲಿ. ಈ ವಾರವೆಲ್ಲ ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ನಡೆದ ವಾದ "ಪರದೇಶದವಳನ್ನು ಹಬ್ಬಕ್ಕೆ ಕರೆಯಬಹುದೇ" ಎಂಬುದರ ಸುತ್ತಲೇ ತಿರುಗಿತು. ಕರೆಯುವುದು ಬಿಡುವುದು ಆ ಮನೆಯ ಯಜಮಾನಿಗೆ ಸೇರಿದ್ದು, ಅದಕ್ಕೆ ಬೀದಿಯ ಅಪ್ಪಣೆ ಬೇಕಿಲ್ಲ. ಬಂದವಳು ಚಪ್ಪಲಿ ಹೊರಗೆ ಬಿಟ್ಟಳು, ಮೊಬೈಲ್ ಒಳಗಿಟ್ಟಳು, ಕೊಟ್ಟದ್ದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಇಷ್ಟು ಸಾಕು. ಅವಳನ್ನು ಬೈದುಕೊಂಡದ್ದರಿಂದ ಒಂದು ಉಪಕಾರವಾಯಿತು, ದೊಡ್ಡಮ್ಮನ ಸುದ್ದಿ ಯಾರೂ ಎತ್ತುವ ಹಾಗಿರಲಿಲ್ಲ. ಬೇಕೆಂದೇ ಹಾಗೆ ಮಾಡಿದರೋ ಏನೋ.

ಇಷ್ಟೆಲ್ಲದರ ನಡುವೆ ದೊಡ್ಡಮ್ಮನನ್ನು ಯಾರೂ ಕೇಳಿರಲಿಲ್ಲ. ಹಚ್ಚಿದವಳೂ ಕೇಳಲಿಲ್ಲ, ಎದ್ದುಹೋದವರೂ ಕೇಳಲಿಲ್ಲ, ಇಪ್ಪತ್ತು ವರ್ಷದಿಂದ ಜೊತೆಯಲ್ಲಿರುವ ತಂಗಿಯೂ ಕೇಳಲಿಲ್ಲ. ಅವರು ಆ ರಾತ್ರಿ ಕೈ ತೊಳೆದುಕೊಂಡರು, ಪಾತ್ರೆ ತೊಳೆದರು, ಮುಖ ತೊಳೆಯಲಿಲ್ಲ. ಕುಂಕುಮ ಬೆಳಗಿನವರೆಗೂ ಹಣೆಯಲ್ಲೇ ಇತ್ತು ಎಂದು ಮನೆಕೆಲಸಕ್ಕೆ ಬರುವ ಹೆಂಗಸು ನಾಲ್ಕು ಮನೆಯಲ್ಲಿ ಹೇಳಿದ್ದಾಳೆ.

ಗೌರಿ ಹಬ್ಬಕ್ಕೆ ಇನ್ನು ಮೂರು ವಾರವೂ ಇಲ್ಲ. ಮೊರದ ಬಾಗಿನಕ್ಕೆ ಏನೇನು ತರಬೇಕು ಎಂದು ಯಜಮಾನಿ ಮೊನ್ನೆ ಚೀಟಿ ಬರೆಯುತ್ತಾ ಕೂತಿದ್ದರು. ಅರಿಶಿನ, ಕುಂಕುಮ, ಕನ್ನಡಿ, ಬಾಚಣಿಗೆ, ಬಳೆ. ಬಳೆಯ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿ, ಕೊನೆಗೂ ಕೇಳಿದರು. "ಅಕ್ಕಾ, ಅವತ್ತಿಂದು ನಿಂಗೆ ಬೇಜಾರಾಯ್ತಾ?"

ದೊಡ್ಡಮ್ಮ ಹುರುಳಿಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಎರಡು-ಆರು ಸೈಜು. ಒಂದು ಡಜನ್ ತಾ. ಹಾಕ್ಕೋತೀನೋ ಬಿಡ್ತೀನೋ, ಆಮೇಲೆ ನೋಡೋಣ."